ನಲವತ್ತರ ಮೇಲೆ ಮತ್ತೆ ಸೈಕಲ್ ಹತ್ತುವವರಿಗೆ ಏಳು ಗೇರಿನ ಹೈಬ್ರಿಡ್

ಶಾಲೆಯ ದಿನಗಳಲ್ಲಿ ಸೈಕಲ್ ತುಳಿದು, ಆಮೇಲೆ ಮನೆಗೆ ಸ್ಕೂಟರ್ ಬಂದದ್ದರಿಂದ ಅದನ್ನು ಮರೆತೇಬಿಟ್ಟು, ಈಗ ನಲವತ್ತು ದಾಟಿದ ಮೇಲೆ ವೈದ್ಯರ ಮಾತಿಗೋ ಸ್ವಂತ ಆಸೆಗೋ ಮತ್ತೆ ಹತ್ತಬೇಕೆಂದುಕೊಂಡವರು ಹಾಸನದಲ್ಲಿ ನನ್ನ ಪರಿಚಯದವರಲ್ಲೇ ಹಲವರಿದ್ದಾರೆ. ಅವರೆಲ್ಲರೂ ಮೊದಲು ಕೇಳುವುದು ಯಾವ ಸೈಕಲ್ ತೆಗೆದುಕೊಳ್ಳಬೇಕೆಂದು. ಒಂದು ಮಳೆಗಾಲ ಮತ್ತು ಒಂದು ಚಳಿಗಾಲ ಪೂರ್ತಿ ಬಳಸಿ ನೋಡಿದ ಮೇಲೆ ನನ್ನ ಉತ್ತರ ಇಷ್ಟು: ಬಾರು (ಸೀಟಿನ ಕಡೆಯಿಂದ ಹ್ಯಾಂಡಲಿನ ಕಡೆಗೆ ಹೋಗುವ ಫ್ರೇಮಿನ ಮೇಲಿನ ಕೊಳವೆ) ಹಿಂದಕ್ಕೆ ಇಳಿಜಾರಾಗಿರುವ, ಏಳು ಗೇರಿನ, ಮುಂದೆ ಶಾಕ್ ಅಬ್ಸಾರ್ಬರ್ ಇಲ್ಲದ ಹೈಬ್ರಿಡ್ ಸೈಕಲ್ಲನ್ನು, ಅಂದರೆ ರೇಸ್ ಸೈಕಲ್ಲಿಗೂ ದಪ್ಪ ಟೈರಿನ ಸೈಕಲ್ಲಿಗೂ ನಡುವಿನ ಬಗೆಯದನ್ನು, ತೆಗೆದುಕೊಳ್ಳಿ. ಅದರಲ್ಲಿ ಕೊರತೆಗಳಿವೆ, ಕೆಲವು ಸಿಟ್ಟು ಬರಿಸುವಂಥವೂ ಹೌದು. ಆದರೆ ಮರಳಿ ಕಲಿಯುವವರಿಗೆ ಬೇಕಾದ ಒಂದು ಮುಖ್ಯ ಗುಣ ಅದರಲ್ಲಿದೆ. ಈ ಬರಹದ ಹೆಚ್ಚಿನ ಭಾಗ ಆ ಗುಣದ ಕುರಿತೇ ಇದೆ.

ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. 14,000ದಿಂದ 18,000 ರೂಪಾಯಿಯೊಳಗಿನ ಈ ವರ್ಗದಲ್ಲಿ ಬಣ್ಣ, ಸ್ಟಿಕ್ಕರುಗಳು ಬೇರೆ ಬೇರೆಯಾದರೂ ಗೇರು ಬದಲಿಸುವ ಭಾಗಗಳು ಬಹುಪಾಲು ಶಿಮಾನೊ ಕಂಪನಿಯ ಟೂರ್ನಿ ಸರಣಿಯವೇ ಆಗಿರುತ್ತವೆ; ಚಕ್ರದ ಅಳತೆ, ಬ್ರೇಕಿನ ಬಗೆ, ಹ್ಯಾಂಡಲಿನ ಆಕಾರಗಳೂ ಹೆಚ್ಚು ಕಡಿಮೆ ಒಂದೇ. ಹಾಗಾಗಿ ನನ್ನ ಸೈಕಲ್ಲಿನ ಬಗ್ಗೆ ಹೇಳುವ ಮಾತುಗಳಲ್ಲಿ ಬಹಳಷ್ಟು ಪಕ್ಕದ ಕಂಪನಿಯ ಸೈಕಲ್ಲಿಗೂ ಸಲ್ಲುತ್ತವೆ.

ಹಾಸನದ ಅಂಗಡಿಗಳಲ್ಲಿ ಈ ವಯಸ್ಸಿನ ಹೆಂಗಸು ಹೋಗಿ ಸೈಕಲ್ ಕೇಳಿದರೆ ಮೊದಲು ಹೊರಗೆ ತಳ್ಳಿಕೊಂಡು ಬರುವುದು ಮುಂದೆ ಬುಟ್ಟಿಯಿರುವ ಲೇಡೀಸ್ ಸೈಕಲ್ಲನ್ನು. 2006-07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಹಂಚತೊಡಗಿದಾಗ ಹುಡುಗಿಯರ ಕೈಗೆ ಬಂದದ್ದೂ ಈ ಮಾದರಿಯೇ. ಹದಿಮೂರು ವರ್ಷದ ಹುಡುಗಿಗೆ ಅದು ಒಳ್ಳೆಯ ಸೈಕಲ್. ಆದರೆ ಸೀಟಿನಿಂದ ಹ್ಯಾಂಡಲಿನವರೆಗಿನ ಅಂತರ ದೊಡ್ಡವರಿಗೆ ಸಾಲದು, ತಿರುವಿನಲ್ಲಿ ಮೊಣಕಾಲು ಹ್ಯಾಂಡಲಿಗೆ ತಾಗುತ್ತದೆ, ಗೇರಿಲ್ಲದ ಕಾರಣ ಏರು ಬಂದಾಗ ಇಳಿದು ತಳ್ಳಬೇಕಾಗುತ್ತದೆ. ಅದು ಬೇಡವೆಂದರೆ ಎರಡನೆಯದಾಗಿ ತೋರಿಸುವುದು ಇದರ ತದ್ವಿರುದ್ಧ: ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರ್, ಇಪ್ಪತ್ತೊಂದು ಗೇರಿನ ಎಂಟಿಬಿ, ಅಂದರೆ ಮೌಂಟನ್ ಬೈಕ್. ನೋಡಲು ಗಟ್ಟಿಮುಟ್ಟಾಗಿ ಕಾಣುವ ಇದು ಅಗ್ಗದ ಬೆಲೆಯಲ್ಲಿ ಬಂದಾಗ ಅದರ ಶಾಕ್ ಅಬ್ಸಾರ್ಬರ್ ಎರಡು ಕಿಲೋಗಿಂತ ಹೆಚ್ಚು ತೂಗುವ ಸ್ಪ್ರಿಂಗು ಮಾತ್ರ. ಏರಿನಲ್ಲಿ ಎದ್ದು ನಿಂತು ತುಳಿದಾಗ ನಮ್ಮ ಶಕ್ತಿಯ ಒಂದಷ್ಟು ಪಾಲು ಚಕ್ರಕ್ಕೆ ಹೋಗದೆ ಆ ಸ್ಪ್ರಿಂಗನ್ನು ಕುಣಿಸುವುದರಲ್ಲೇ ಮುಗಿಯುತ್ತದೆ. ಇಪ್ಪತ್ತೊಂದು ಗೇರು ಎಂಬುದೂ ಮುಂದಿನ ಮೂರು ಮತ್ತು ಹಿಂದಿನ ಏಳು ಹಲ್ಲುಚಕ್ರಗಳ ಗುಣಾಕಾರದಿಂದ ಬರುವ ಸಂಖ್ಯೆ; ಅವುಗಳಲ್ಲಿ ಹಲವು ಒಂದರ ಮೇಲೊಂದು ಬಿದ್ದು ಒಂದೇ ಬಲವನ್ನು ಕೊಡುತ್ತವೆ. ಹೊಸದಾಗಿ ಕಲಿಯುವವರ ಎರಡೂ ಕೈಗಳಿಗೆ ಒಂದೊಂದು ಗೇರು ಲಿವರ್ ಕೊಟ್ಟು ಗಲಿಬಿಲಿ ಮಾಡುವುದಕ್ಕಿಂತ ಬಲಗೈಗೆ ಒಂದೇ ಲಿವರ್ ಇರುವುದು ಲೇಸು.

ಇನ್ನು ಆ ಮುಖ್ಯ ಗುಣಕ್ಕೆ ಬರುತ್ತೇನೆ. ವರ್ಷಗಟ್ಟಲೆ ಸ್ಕೂಟರ್ ಓಡಿಸಿದವರಿಗೆ ಬ್ಯಾಲೆನ್ಸ್ ಮರೆತಿರುವುದಿಲ್ಲ. ಹತ್ತಿ ಕೂತು ಹತ್ತು ಮಾರು ಹೋಗುವಷ್ಟರಲ್ಲಿ ಮೈ ತಾನಾಗಿ ನೆನಪಿಸಿಕೊಳ್ಳುತ್ತದೆ. ಅವರಿಗೆ ಎದುರಾಗುವ ನಿಜವಾದ ತೊಡಕು ನಿಲ್ಲಿಸುವುದರಲ್ಲಿದೆ. ಸ್ಕೂಟರಿನಲ್ಲಿ ಬ್ರೇಕ್ ಹಿಡಿದು, ಸೀಟಿನ ಮೇಲೆ ಕೂತಂತೆಯೇ ಎರಡೂ ಕಾಲು ನೆಲಕ್ಕೆ ಊರಿ ನಿಲ್ಲುವುದು ರೂಢಿ. ಸೈಕಲ್ಲಿನಲ್ಲೂ ಹಾಗೆಯೇ ನಿಲ್ಲಬೇಕೆಂದರೆ ಸೀಟನ್ನು ಪೂರ್ತಿ ಇಳಿಸಬೇಕು. ಇಳಿಸಿದರೆ ಪ್ರತಿ ತುಳಿತದಲ್ಲೂ ಮೊಣಕಾಲು ಅತಿಯಾಗಿ ಮಡಚಿ, ಎರಡು ಕಿಲೋಮೀಟರು ಹೋಗುವಷ್ಟರಲ್ಲಿ ತೊಡೆ ಉರಿಯತೊಡಗುತ್ತದೆ, ಕೆಲವು ದಿನಗಳಲ್ಲಿ ಮೊಣಕಾಲಿನ ಮುಂಭಾಗ ನೋಯಲು ಶುರುವಾಗುತ್ತದೆ. ಸೈಕಲ್ ತನಗೆ ಒಗ್ಗಲಿಲ್ಲವೆಂದು ಬಿಟ್ಟವರಲ್ಲಿ ಅನೇಕರು ಬಿಟ್ಟಿರುವುದು ಈ ತಗ್ಗಿದ ಸೀಟಿನ ಕಾರಣಕ್ಕೆ ಎಂಬುದು ನನ್ನ ಅನುಮಾನ.

ಸೀಟಿನ ಸರಿಯಾದ ಎತ್ತರವನ್ನು ತಿಳಿಯಲು ಸುಲಭವಾದ ಕ್ರಮವೊಂದಿದೆ. ಗೋಡೆಗೆ ಒರಗಿಸಿಕೊಂಡು ಸೀಟಿನ ಮೇಲೆ ಕೂತು, ಪೆಡಲ್ ತೀರ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲಿನಲ್ಲಿ ಬೇಕಾದಷ್ಟೇ ಬಾಗು ಉಳಿಯುತ್ತದೆ. ಆದರೆ ಈ ಎತ್ತರದಲ್ಲಿ ಕೂತವರಿಗೆ ನೆಲ ಸಿಗುವುದು ಬೆರಳ ತುದಿಗೆ ಮಾತ್ರ. ನಿಲ್ಲಬೇಕೆಂದಾಗ ಬ್ರೇಕ್ ಹಿಡಿದು, ಸೀಟಿನಿಂದ ಮುಂದಕ್ಕೆ ಜಾರಿ, ಬಾರಿನ ಎರಡೂ ಬದಿಗೆ ಕಾಲಿಟ್ಟು ನೆಲದ ಮೇಲೆ ನಿಲ್ಲಬೇಕು. ಚಿಕ್ಕವರಿದ್ದಾಗ ಒಳಪೆಡಲ್ ಹೊಡೆದು ಕಲಿತವರು ಈ ಜಾರುವಿಕೆಯನ್ನು ಯೋಚಿಸದೆ ಮಾಡುತ್ತಿದ್ದರು. ನಲವತ್ತೈದರಲ್ಲಿ, ಬಿದ್ದರೆ ಮೂಳೆ ಏನಾದೀತೆಂಬ ಲೆಕ್ಕಾಚಾರ ತಲೆಯಲ್ಲಿರುವಾಗ, ಅದನ್ನು ಹೊಸದಾಗಿಯೇ ಕಲಿಯಬೇಕು. ಬಾರು ನೆಲಕ್ಕೆ ಸಮಾನಾಂತರವಾಗಿ ಎತ್ತರದಲ್ಲಿದ್ದರೆ ಕಲಿಯುವ ಧೈರ್ಯವೇ ಬರುವುದಿಲ್ಲ. ಹೈಬ್ರಿಡ್ಡಿನ ಬಾರು ಸೀಟಿನ ಕಡೆಗೆ ಇಳಿಯುತ್ತಾ ಬರುವುದರಿಂದ, ಜಾರಿ ನಿಂತಾಗ ನಡುವೆ ನಾಲ್ಕು ಬೆರಳಷ್ಟು ಜಾಗ ಉಳಿಯುತ್ತದೆ. ನನ್ನ ಮಟ್ಟಿಗೆ ಈ ಸೈಕಲ್ಲಿನ ಬೆಲೆಯಲ್ಲಿ ಅರ್ಧ ಆ ನಾಲ್ಕು ಬೆರಳಿಗೇ ಸಲ್ಲುತ್ತದೆ.

ಸೀಟಿನ ಕಂಬಿಯನ್ನು ಬಿಗಿಯುವಲ್ಲಿ ಸ್ಪ್ಯಾನರ್ ಬೇಡದ, ಕೈಯಿಂದಲೇ ಮಡಚಿ ಬಿಚ್ಚುವ ಲಿವರ್ ಇರುವುದೂ ಬಹಳ ಉಪಯೋಗಕ್ಕೆ ಬಂತು. ಹಳೇ ಪೇಟೆಯ ಓಣಿಯೊಂದರಲ್ಲಿ ಪಂಚರ್ ಹಾಕುತ್ತಾ, ಓವರಾಯಿಲಿಂಗ್ ಮಾಡುತ್ತಾ ಕೂತಿರುವ ಮೇಸ್ತ್ರಿಯ ಬಳಿ ಮೊದಲ ಸಲ ಹೋದಾಗ ಅವರು ಸೀಟನ್ನು ಏರಿಸಲು ಒಪ್ಪಲಿಲ್ಲ. “ಅಕ್ಕಾ, ಈ ವಾರ ಸೀಟು ಕೆಳಗೇ ಇರ್ಲಿ. ಕಾಲು ನೆಲಕ್ಕೆ ತಾಕಿದ್ರೆ ಧೈರ್ಯ ಬರುತ್ತೆ. ಆಮೇಲೆ ವಾರಕ್ಕೊಂದು ಬೆರಳು ಏರಿಸ್ಕೊಂಡು ಹೋಗಿ” ಎಂದು ಹೇಳಿ, ನನ್ನ ಕಾಲಿನ ಅಳತೆಗೆ ಸರಿಯಾದ ಎತ್ತರ ಯಾವುದೆಂದು ನೋಡಿ, ಅಲ್ಲಿಗೆ ಕಂಬಿಯ ಸುತ್ತ ಕಪ್ಪು ಇನ್ಸುಲೇಷನ್ ಟೇಪು ಸುತ್ತಿಕೊಟ್ಟರು. ಟೇಪಿನ ಗುರುತಿನವರೆಗೆ ಸೀಟು ನಿಧಾನವಾಗಿ ಏರಿತು. ಶೋರೂಮಿನಲ್ಲಿ ಯಾರೂ ಹೇಳದ ಈ ಮಾತನ್ನು ಹೇಳಿದ್ದಕ್ಕೆ ಅವರು ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ. ಗಾಳಿ ಹೊಡೆದದ್ದಕ್ಕೆ ಮಾತ್ರ ಕೇಳಿ ಪಡೆದರು.

ಪೂರ್ತಿ ಮರೆತವರಿಗೆ, ಅಥವಾ ಎಂದೂ ಕಲಿಯದವರಿಗೆ, ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡುವವರ ಅಗತ್ಯವಿಲ್ಲ. ಎರಡೂ ಪೆಡಲ್ ಬಿಚ್ಚಿಸಿ, ಸೀಟು ಇಳಿಸಿ, ಕಾಲಿನಿಂದ ನೆಲವನ್ನು ಒದೆಯುತ್ತಾ ಸಾಗುವ ಅಭ್ಯಾಸ ಮಾಡಿದರೆ, ಕಾಲೆತ್ತಿದರೂ ಸೈಕಲ್ ಬೀಳುವುದಿಲ್ಲವೆಂಬ ನಂಬಿಕೆ ಬೇಗ ಬರುತ್ತದೆ. ಆಮೇಲೆ ಪೆಡಲ್ ಹಾಕಿಸಿಕೊಳ್ಳಬಹುದು. ಹುಡಾ (ಹಾಸನ ನಗರಾಭಿವೃದ್ಧಿ ಪ್ರಾಧಿಕಾರ) ಬಡಾವಣೆಗಳಲ್ಲಿ ರಸ್ತೆಯಾಗಿಯೂ ಮನೆಗಳೇಳದ ಜಾಗಗಳು ಇದಕ್ಕೆ ಹೇಳಿಮಾಡಿಸಿದಂತಿವೆ. ಅಲ್ಲಿನ ನಾಯಿಗಳ ವಿಷಯ ಬೇರೆ. ಅಟ್ಟಿಸಿಕೊಂಡು ಬಂದಾಗ ಜೋರಾಗಿ ತುಳಿಯುವ ಬದಲು ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆದರೆ ಅವುಗಳಿಗೆ ಆಸಕ್ತಿ ಹೋಗುತ್ತದೆ.

ಗೇರಿನ ವಿಷಯದಲ್ಲಿ ಈ ಸೈಕಲ್ ನನ್ನ ನಿರೀಕ್ಷೆಗಿಂತ ಚೆನ್ನಾಗಿದೆ. ಮುಂದೆ 38 ಹಲ್ಲಿನ ಒಂದೇ ಚಕ್ರ, ಹಿಂದೆ 14ರಿಂದ 28 ಹಲ್ಲಿನವರೆಗಿನ ಏಳು ಚಕ್ರಗಳಿವೆ. ಒಂದನೇ ಗೇರಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 3 ಮೀಟರು ಸಾಗುತ್ತದೆ, ಏಳನೆಯದರಲ್ಲಿ ಸುಮಾರು 6 ಮೀಟರು. ಹಾಸನ ಸಮತಟ್ಟಾದ ಊರೆಂದು ಸ್ಕೂಟರಿನ ಮೇಲೆ ಕೂತವರಿಗೆ ಅನ್ನಿಸುತ್ತದೆ. ಸೈಕಲ್ ಹತ್ತಿದ ಮೇಲೆ ಪ್ರತಿಯೊಂದು ಬೀದಿಯ ಏರೂ ಇಳಿತವೂ ಕಾಲಿಗೆ ಗೊತ್ತಾಗುತ್ತದೆ. ಅಂಥ ಏರುಗಳಿಗೆ ಒಂದು ಮತ್ತು ಎರಡನೇ ಗೇರು ಸಾಕು, ಉಳಿದ ಕಡೆ ಮೂರರಿಂದ ಐದು. ಆರು, ಏಳನ್ನು ನಾನು ಮುಟ್ಟುವುದೇ ಅಪರೂಪ. ನೆನಪಿಡಬೇಕಾದದ್ದು, ಏರು ಶುರುವಾಗುವ ಮೊದಲೇ ಗೇರು ಇಳಿಸಬೇಕು ಮತ್ತು ಇಳಿಸುವಾಗ ಪೆಡಲ್ ಹಗುರವಾಗಿ ತಿರುಗುತ್ತಲೇ ಇರಬೇಕು. ಏರಿನ ನಡುವೆ ಒತ್ತಿ ತುಳಿಯುತ್ತಾ ಲಿವರ್ ಒತ್ತಿದರೆ ಚೈನು ಕಟಕಟ ಸದ್ದು ಮಾಡಿ ಪ್ರತಿಭಟಿಸುತ್ತದೆ, ಕೆಲವೊಮ್ಮೆ ಕಳಚಿಕೊಳ್ಳುತ್ತದೆ. ಕೊಂಡ ಕೆಲವು ವಾರಗಳಲ್ಲಿ ಹೊಸ ಕೇಬಲ್ ಸಡಿಲಗೊಂಡು ಮೂರನೇ ಗೇರು ಹಾಕಿದರೆ ನಾಲ್ಕಕ್ಕೆ ಹಾರುವುದು ಸಾಮಾನ್ಯ, ಅದು ಕೆಟ್ಟಿದೆಯೆಂದಲ್ಲ. ಮೊದಲ ಸರ್ವಿಸಿನಲ್ಲಿ ಕೇಬಲ್ ಬಿಗಿ ಮಾಡಿಸಿ, ಚಕ್ರದ ಕಡ್ಡಿಗಳನ್ನೂ ಒಮ್ಮೆ ನೋಡಿಸಿದರೆ ಸರಿಹೋಗುತ್ತದೆ.

ಬ್ರೇಕಿಗೆ ಡಿಸ್ಕ್ ಬೇಕೆಂದು ಅಂಗಡಿಯವರು ಒತ್ತಾಯಿಸುತ್ತಾರೆ. ಊರೊಳಗಿನ ಸವಾರಿಗೆ ರಿಮ್ಮನ್ನು ಹಿಡಿಯುವ ವಿ-ಬ್ರೇಕೇ ಸಾಕು. ಅದರ ರಬ್ಬರುಗಳು ಮಳೆಗಾಲದ ಮರಳುಮಣ್ಣಿಗೆ ಬೇಗ ಸವೆಯುತ್ತವೆ ನಿಜ, ಆದರೆ ಯಾವ ಸೈಕಲ್ ಮೇಸ್ತ್ರಿಯಾದರೂ ಐದು ನಿಮಿಷದಲ್ಲಿ ಬದಲಿಸಿಕೊಡುತ್ತಾರೆ. ನನ್ನ ಸೈಕಲ್ಲಿನಲ್ಲಿ ಬಲಗೈಯದು ಮುಂದಿನ ಚಕ್ರದ ಬ್ರೇಕು, ಸ್ಕೂಟರಿನಲ್ಲಿರುವಂತೆಯೇ, ಹಾಗಾಗಿ ಗೊಂದಲವಾಗಲಿಲ್ಲ. ಕೊಳ್ಳುವಾಗ ಇದನ್ನೊಂದು ಖಚಿತಪಡಿಸಿಕೊಳ್ಳಿ. ಇಳಿಜಾರಿನಲ್ಲಿ ಮುಂದಿನದನ್ನೊಂದೇ ಗಟ್ಟಿಯಾಗಿ ಹಿಡಿಯುವುದು ಅಪಾಯ.

ಈಗ ಸಿಟ್ಟು ಬರಿಸುವ ಸಂಗತಿ. ಇಷ್ಟು ಹಣ ಕೊಟ್ಟು ಕೊಳ್ಳುವ ಸೈಕಲ್ಲಿಗೆ ಚೈನ್ ಕವರ್ ಇಲ್ಲ. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ನಾನು ಕೊಂಡದ್ದರಲ್ಲಿ ಸ್ಟ್ಯಾಂಡೂ ಇರಲಿಲ್ಲ. ಕಂಪನಿಗಳ ಜಾಹೀರಾತಿನಲ್ಲಿ ಚಡ್ಡಿ ತೊಟ್ಟ ಯುವಕನೊಬ್ಬ ಖಾಲಿ ರಸ್ತೆಯಲ್ಲಿ ಹೋಗುತ್ತಿರುತ್ತಾನೆ. ಚೂಡಿದಾರ್ ತೊಟ್ಟು ಹೆಗಲಿಗೆ ಬ್ಯಾಗು ಹಾಕಿಕೊಂಡು ಕಟ್ಟಿನಕೆರೆ ಮಾರುಕಟ್ಟೆಗೆ ಹೋಗುವವರು ಅವರ ಕಲ್ಪನೆಯಲ್ಲಿ ಇದ್ದಂತಿಲ್ಲ. ದುಪಟ್ಟಾ ಚೈನಿಗೆ ಸಿಕ್ಕರೆ ಬಟ್ಟೆ ಹರಿಯುವುದಷ್ಟೇ ಆಗುವುದಿಲ್ಲ, ಸವಾರರನ್ನೇ ಎಳೆದು ಕೆಡವಬಹುದು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟುವುದು, ಪ್ಯಾಂಟಿನ ಬಲಗಾಲಿನ ಅಂಚಿಗೆ ವೆಲ್ಕ್ರೊ ಪಟ್ಟಿ ಸುತ್ತುವುದು ತಾತ್ಕಾಲಿಕ ಉಪಾಯಗಳು. ಮೇಸ್ತ್ರಿ ಹಲ್ಲುಚಕ್ರದ ಹೊರಬದಿಗೆ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಕೂರಿಸಿಕೊಟ್ಟ ಮೇಲೆ ತೊಂದರೆ ಬಹಳ ಮಟ್ಟಿಗೆ ಕಡಿಮೆಯಾಯಿತು. ಸೀರೆಯುಟ್ಟು ಓಡಿಸುವುದಾದರೆ ಈ ಸೈಕಲ್ಲನ್ನು ನಾನು ಶಿಫಾರಸು ಮಾಡುವುದಿಲ್ಲ. ಆಗ ಬಾರೇ ಇಲ್ಲದಂತೆ ತಗ್ಗಿಸಿದ, ಪೂರ್ತಿ ಚೈನ್ ಕವರ್ ಇರುವ ದೊಡ್ಡ ಚಕ್ರದ ಮಾದರಿಯನ್ನು ಕೇಳಿ ತರಿಸಿಕೊಳ್ಳಬೇಕು.

ಮಡ್‌ಗಾರ್ಡ್ ಹಾಕಿಸದೆ ಜೂನ್ ತಿಂಗಳಿಗೆ ಕಾಲಿಡಬೇಡಿ. ಹಿಂದಿನ ಚಕ್ರ ಎರಚುವ ಕೆಸರು ಬೆನ್ನಿನ ನಡುವೆ ಕೆಂಪು ಗೆರೆ ಎಳೆಯುತ್ತದೆ, ಅದು ಒಗೆತಕ್ಕೂ ಸುಲಭವಾಗಿ ಹೋಗುವುದಿಲ್ಲ. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಬೆಲ್, ಹಿಂಬದಿಯ ಕೆಂಪು ದೀಪ, ಬೀಗ, ಕೈಪಂಪು ಎಲ್ಲ ಸೇರಿ ಎರಡೂವರೆಯಿಂದ ಮೂರು ಸಾವಿರ ರೂಪಾಯಿ ಹೆಚ್ಚುವರಿಯಾಗಿ ತೆಗೆದಿಡಬೇಕು. ಹೆಲ್ಮೆಟ್ ಇದರ ಹೊರಗಿನ ಖರ್ಚು. ಕಾನೂನು ಕೇಳುವುದಿಲ್ಲವೆಂದು ಅದನ್ನು ಬಿಡುವುದು ಬೇಡ.

ಟೈರಿನ ಅಳತೆ 700×35, ಅಂದರೆ ಹೊರವ್ಯಾಸ ಸುಮಾರು 700 ಮಿಲಿಮೀಟರು, ಅಗಲ 35. ಎಂಟಿಬಿ ಟೈರಿಗಿಂತ ತೆಳು, ರೇಸ್ ಸೈಕಲ್ಲಿನದಕ್ಕಿಂತ ದಪ್ಪ; ಹಂಪು, ಕಿತ್ತ ಡಾಂಬರು, ಜಲ್ಲಿಕಲ್ಲು ಎಲ್ಲದಕ್ಕೂ ಹೊಂದಿಕೊಂಡು ಹೋಗುತ್ತದೆ. ಆದರೆ ಊರ ಹೊರಗಿನ ಪಂಚರ್ ಅಂಗಡಿಗಳಲ್ಲಿ ಈ ಅಳತೆಯ ಟ್ಯೂಬು ಸಿಗುವುದು ಕಷ್ಟ. ಹಳೆಯ ಕಪ್ಪು ಸೈಕಲ್ಲಿನ 28 ಇಂಚಿನ ಟೈರು ನೋಡಲು ಅಷ್ಟೇ ದೊಡ್ಡದಾಗಿ ಕಂಡರೂ ಅದು ಕೂರುವ ರಿಮ್ಮಿನ ವ್ಯಾಸ 635 ಮಿಲಿಮೀಟರು, ಇದರದು 622. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಗೊರೂರಿನ ಕಡೆಗೋ ಬೇಲೂರು ರಸ್ತೆಯಲ್ಲೋ ಸ್ವಲ್ಪ ದೂರ ಹೋಗುವ ಯೋಚನೆಯಿದ್ದರೆ ಒಂದು ಟ್ಯೂಬನ್ನು ಜೊತೆಯಲ್ಲೇ ಇಟ್ಟುಕೊಳ್ಳಬೇಕು. ವಾಲ್ವು ಬೈಕು-ಕಾರುಗಳದ್ದರಂತೆಯೇ ಇದ್ದರೆ ಪೆಟ್ರೋಲ್ ಬಂಕಿನಲ್ಲಿ ಗಾಳಿ ತುಂಬಿಸಬಹುದು, ಆದರೆ ಎಚ್ಚರಿಕೆ ಬೇಕು: ಸೈಕಲ್ ಟ್ಯೂಬಿನ ಒಳಜಾಗ ಚಿಕ್ಕದಾದ್ದರಿಂದ ಕ್ಷಣದಲ್ಲಿ ತುಂಬಿ ಒಡೆಯುವ ಸಂಭವವಿದೆ. ಎಷ್ಟು ಒತ್ತಡ ಬೇಕೆಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಕಾರಿನ ಟೈರಿಗಿಂತ ಇದಕ್ಕೆ ಹೆಚ್ಚು ಬೇಕೆಂಬುದು ಹಲವರಿಗೆ ಆಶ್ಚರ್ಯ ತರುತ್ತದೆ. ಗಾಳಿ ಕಡಿಮೆಯಿದ್ದರೆ ಇದೇ ಸೈಕಲ್ ಹಿಟ್ಟಿನ ಗಿರಣಿಯ ಚಕ್ರದಂತೆ ಭಾರವಾಗುತ್ತದೆ. ವಾರಕ್ಕೊಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡುವ ಅಭ್ಯಾಸ ಸಾಕು.

ಸೀಟು ಗಟ್ಟಿಯಾಗಿದೆ. ಮೊದಲ ಕೆಲವು ದಿನ ಕೂರುವಲ್ಲಿ ನೋವಾಗುವುದು ಖಂಡಿತ, ಒಂದೆರಡು ವಾರಗಳಲ್ಲಿ ಅದು ತಾನಾಗಿ ಹೋಗುತ್ತದೆ. ಮೆತ್ತನೆಯ ದಪ್ಪ ಜೆಲ್ ಕವರ್ ಹಾಕಿಸಿದರೆ ಸುಖವೆಂದು ಎಲ್ಲರೂ ಹೇಳುತ್ತಾರೆ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತಿನ ಸವಾರಿಯಲ್ಲಿ ಅದು ಮಾಂಸಖಂಡವನ್ನೇ ಒತ್ತಿ ಕಾಲು ಜೋಮು ಹಿಡಿಸುತ್ತದೆ. ನೋವು ಹೋಗದಿದ್ದರೆ ಸ್ವಲ್ಪ ಅಗಲವಾದ ಸೀಟನ್ನೇ ಬದಲಿಸಿಕೊಳ್ಳುವುದು ಒಳ್ಳೆಯದು. ಅಂಗೈ ಮರಗಟ್ಟುವವರು ಹ್ಯಾಂಡಲ್ಲನ್ನು ಒಂದೆರಡು ಸೆಂಟಿಮೀಟರು ಏರಿಸಿಕೊಳ್ಳಲು ಆಗುತ್ತದೆಯೇ ಎಂದು ಮೇಸ್ತ್ರಿಯನ್ನು ಕೇಳಬೇಕು.

ಎಲ್ಲಿ ಕೊಳ್ಳಬೇಕು ಎಂಬುದರ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಆನ್‌ಲೈನಿನಲ್ಲಿ ಇದೇ ಸೈಕಲ್ ಸಾವಿರ ರೂಪಾಯಿ ಕಡಿಮೆಗೆ ಸಿಗಬಹುದು, ಆದರೆ ಬರುವುದು ರಟ್ಟಿನ ಪೆಟ್ಟಿಗೆಯಲ್ಲಿ. ಹ್ಯಾಂಡಲ್, ಮುಂದಿನ ಚಕ್ರ, ಪೆಡಲ್‌ಗಳನ್ನು ನಾವೇ ಜೋಡಿಸಬೇಕು. ಬಲಪೆಡಲ್ ಎಲ್ಲ ಬೋಲ್ಟುಗಳಂತೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಎಡಪೆಡಲಿನ ಮರೆ (ಥ್ರೆಡ್) ಮಾತ್ರ ಉಲ್ಟಾ. ತುಳಿಯುವಾಗ ತಾನಾಗಿ ಬಿಚ್ಚಿಕೊಳ್ಳಬಾರದೆಂದು ಹಾಗೆ ಮಾಡಿರುತ್ತಾರೆ. ಇದನ್ನು ತಿಳಿಯದೆ ಬಲವಂತವಾಗಿ ತಿರುಗಿಸಿ ಮರೆ ಕೆಡಿಸಿಕೊಂಡು ಬಂದ ಹೊಸ ಸೈಕಲ್ಲುಗಳನ್ನು ಮೇಸ್ತ್ರಿ ಎಷ್ಟೋ ನೋಡಿದ್ದಾರಂತೆ. ಆಗ ಪೆಡಲಿನ ತೋಳನ್ನೇ ಬದಲಿಸಬೇಕಾಗುತ್ತದೆ. ಅಂಗಡಿಯಲ್ಲಿ ಕೊಂಡರೆ ಜೋಡಣೆ, ಮೊದಲ ಸರ್ವಿಸು ಬೆಲೆಯಲ್ಲೇ ಸೇರಿರುತ್ತವೆ. ಆದರೆ ಅಂಗಡಿಯನ್ನು ಆರಿಸಿಕೊಳ್ಳಬೇಕು. ನಾನು ಮೊದಲು ಹೋದ ಒಂದು ಶೋರೂಮಿನಲ್ಲಿ ಸೈಕಲ್ಲನ್ನು ಒಂದು ಸುತ್ತು ಓಡಿಸಿ ನೋಡಲು ಬಿಡಲಿಲ್ಲ, ಹತ್ತಿ ಕೂರಲು ಮಾತ್ರ ಬಿಟ್ಟರು. ಫ್ರೇಮಿನ ಅಳತೆ ಕೇಳಿದರೆ “ಎಲ್ಲರಿಗೂ ಇದೇ ಮೇಡಂ” ಎಂದರು. ಹಾಗೆ ಹೇಳುವಲ್ಲಿ ಕೊಳ್ಳಬೇಡಿ. ಒಂದೇ ಮಾದರಿ ಎರಡು ಮೂರು ಅಳತೆಗಳಲ್ಲಿ ಬರುತ್ತದೆ, ಐದು ಅಡಿ ಮೂರಿಂಚಿನವರಿಗೂ ಐದು ಅಡಿ ಹತ್ತಿಂಚಿನವರಿಗೂ ಒಂದೇ ಫ್ರೇಮು ಸರಿಹೋಗುವುದು ಸಾಧ್ಯವಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲುಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿರುವುದರಿಂದ, ಹಳೆಯ ಬೆಲೆಪಟ್ಟಿ ತೋರಿಸಿದರೆ ಬಿಲ್ಲಿನಲ್ಲಿ ತೆರಿಗೆಯ ಸಾಲನ್ನು ನೋಡಿ.

ಊರೊಳಗೆ ಎಲ್ಲಿ ಓಡಿಸಬಹುದು ಎಂಬುದನ್ನು ಸೈಕಲ್ಲಿಗಿಂತ ಗಡಿಯಾರ ಹೇಳುತ್ತದೆ. ಬೆಳಿಗ್ಗೆ ಏಳರೊಳಗೆ ಬಿ.ಎಂ. ರಸ್ತೆಯೂ ಸಹನೀಯ, ಒಂಬತ್ತರ ಮೇಲೆ ಎನ್.ಆರ್. ವೃತ್ತದ ಸುತ್ತಮುತ್ತ ಬಸ್ಸು, ಆಟೋಗಳ ನಡುವೆ ಹೊಸಬರು ನುಗ್ಗುವುದು ಬೇಡ. ಸಾಲಗಾಮೆ ರಸ್ತೆ ಕಾಲೇಜು ಬಿಡುವ ಹೊತ್ತನ್ನು ತಪ್ಪಿಸಿದರೆ ಚೆನ್ನ. ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಮಾತ್ರ ಲೆಕ್ಕ ತಿರುಗಿಬೀಳುತ್ತದೆ: ಕಾರಿನವರು ಗಂಟೆಗಟ್ಟಲೆ ನಿಂತಿರುವಾಗ ಸೈಕಲ್ಲಿನವರು ಇಳಿದು, ತಳ್ಳಿಕೊಂಡು ಓಣಿ ಹಿಡಿದು ದಾಟಿಬಿಡುತ್ತಾರೆ.

ಈ ಸೈಕಲ್ ಎಲ್ಲರಿಗೂ ಅಲ್ಲ. ಐದು ಅಡಿಗಿಂತ ಕಡಿಮೆ ಎತ್ತರದವರಿಗೆ 700ರ ಚಕ್ರ ದೊಡ್ಡದಾಗುತ್ತದೆ, ಅವರು 26 ಅಥವಾ 24 ಇಂಚಿನ ಚಕ್ರವಿರುವ ಹೈಬ್ರಿಡ್ ಇದೆಯೇ ಎಂದು ಕೇಳಬೇಕು. ಸಕಲೇಶಪುರದ ಕಡೆಯ ತೋಟದ ಮಣ್ಣುದಾರಿಯಲ್ಲಿ ದಿನಾ ಓಡಾಡುವವರಿಗೆ ದಪ್ಪ ಟೈರಿನ ಎಂಟಿಬಿಯೇ ಸರಿ, ಆದರೆ ಶಾಕ್ ಅಬ್ಸಾರ್ಬರ್ ಇಲ್ಲದ್ದನ್ನು ಹುಡುಕಲಿ. ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊರಿಸುವವರಿಗೆ ಹೈಬ್ರಿಡ್ಡಿಗೆ ಹಾಕಿಸುವ ಅಲ್ಯುಮಿನಿಯಂ ಕ್ಯಾರಿಯರ್ ತಡೆಯುವುದಿಲ್ಲ. ಅವರಿಗೆ ಇಂದಿಗೂ ಹಳೆಯ ಕಪ್ಪು ಸೈಕಲ್ಲೇ ಗತಿ. ಅಂಥ ಸೈಕಲ್ ತಯಾರಿಸುತ್ತಿದ್ದ ಅಟ್ಲಾಸ್ ಕಂಪನಿಯ, ದೆಹಲಿ ಬಳಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಮುಚ್ಚಿತಾದರೂ ಆ ಬಗೆಯ ಸೈಕಲ್ಲನ್ನು ಬೇರೆ ಕಂಪನಿಗಳು ಈಗಲೂ ತಯಾರಿಸುತ್ತಿವೆ. ಅಂಗಡಿಯವರು ಮುಂದೆ ನಿಲ್ಲಿಸಿರುವುದಿಲ್ಲ, ಗೋದಾಮಿನಿಂದ ತರಿಸಿಕೊಡಿ ಎಂದು ಕೇಳಬೇಕಾಗುತ್ತದೆ.